ಮದುವೆಯಾಗದ ಬ್ಯಾಟರಿ

"ತೂತು ಹಾಕೋದು ಮರ್ತೆ, ತಪ್ಪೆಲ್ಲಾ ನಂದೇ. ಅಷ್ಟೇ ಬರ್ದಿದೀನಿ. ಸಹೀನೂ ಹಾಕಿದೀನಿ. ಇನ್ನೇನು ಬೇಕು ಹೇಳು" ಎಂದು ಆರ್ಲೋ ಸ್ಟುಟ್ಸ್‌ಮನ್ ಕಾಗದವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದ.

ಷೆರಿಫ್ ಕಚೇರಿಯ ಪತ್ತೇದಾರಿಣಿ ಲೊರೀನ್ ಸ್ಟಕಿ ಕಾಗದ ಮುಟ್ಟಲಿಲ್ಲ. ಗ್ಯಾರೇಜಿನ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ ಬಾಕಿ. ಎರಡು ಗಂಟೆಗೆ ಈ ಮುದುಕ ಜಡ್ಜ್ ಮುಂದೆ ನಿಂತು ಇದೇ ಮಾತನ್ನು ಬಾಯಿಬಿಟ್ಟು ಹೇಳಿದರೆ ಮುಗಿಯಿತು. ಅರವತ್ತೊಂಬತ್ತರ ವಯಸ್ಸಿಗೆ ಐದು ವರ್ಷ ಜೈಲು ಅಂದರೆ ಮನೆಗೆ ವಾಪಸು ಬರುವುದು ಪೆಟ್ಟಿಗೆಯಲ್ಲೇ. ಒಂದು ಗಂಟೆಗೆ ಡೆಪ್ಯುಟಿ ರಾಯ್ಸ್ ಟಿಪ್ಟನ್ ಕಾರು ತರುತ್ತಾನೆ. ಲೊರೀನ್‌ಳ ಕೈಯಲ್ಲಿದ್ದದ್ದು ಒಂದು ಗಂಟೆ ಹತ್ತು ನಿಮಿಷ, ಮತ್ತು ಬೆಳಿಗ್ಗೆ ಬಂದ ಒಂದು ರಟ್ಟಿನ ಡಬ್ಬಿ.

ಬುಧವಾರ ಬೆಳಿಗ್ಗೆ ವೆಂಡೆಲ್ ಪ್ರಾಸ್ಕೆ, ನಲವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು, ಕಾಫಿ ಮುಂದಿಟ್ಟುಕೊಂಡು ತನ್ನ ಟಾರ್ಚನ್ನು ಬಾಯಿಗಿಟ್ಟು ಗುಂಡಿ ಒತ್ತಿದ್ದ. ಅದು ಬಾಯಲ್ಲೇ ಸಿಡಿಯಿತು, ಆಂಬುಲೆನ್ಸ್ ಬರುವ ಮೊದಲೇ ಪ್ರಾಣ ಹೋಗಿತ್ತು.

ಟಾರ್ಚು ಬಾಯಿಗೇಕೆ ಅಂತ ಕೇಳುವವರು ಓಹಾಯೋ ನದಿಯ ಈ ದಡದಲ್ಲಿ ಯಾರೂ ಇರಲಿಲ್ಲ. ಅದು ಎರಡು ಸಾವಿರದ ಹತ್ತರ ನವೆಂಬರ್. ಇ-ಸಿಗರೇಟು ಅಂದರೆ ಆಗ ಚೀನಾದಿಂದ ಬರುತ್ತಿದ್ದ ಪೆನ್ನಿನಂಥ ಸಣ್ಣ ಕಡ್ಡಿ. ಅರ್ಧ ಗಂಟೆಗೇ ಅದರ ಬ್ಯಾಟರಿ ಸುಸ್ತು. ದಿನಕ್ಕೆ ಎರಡು ಪ್ಯಾಕ್ ಸೇದುತ್ತಿದ್ದವರಿಗೆ ಅದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆರ್ಲೋ ಏನು ಮಾಡಿದ? ಹಾರ್ಡ್‌ವೇರ್ ಅಂಗಡಿಯ ಬುಟ್ಟಿಯಲ್ಲಿ ಬಿದ್ದಿರುತ್ತಿದ್ದ ಬೆರಳುದ್ದದ ಟಾರ್ಚುಗಳನ್ನು ತಂದ. ಬಲ್ಬು ಕಿತ್ತ. ಆ ಜಾಗಕ್ಕೆ ಕೆಟ್ಟುಹೋದ ಇ-ಸಿಗರೇಟಿನ ತಿರುಪಿನ ಬಾಯಿ ಬೆಸೆದ. ಹಿಂದೆ ಒಂದು ಒತ್ತುವ ಗುಂಡಿ ಕೂರಿಸಿದ. ಒಳಗೆ ಎರಡು ದಪ್ಪ ಗಿಡ್ಡ ಬ್ಯಾಟರಿ ಹಾಕಿದರೆ ಇಡೀ ದಿನ ಗಟ್ಟಿ ಆವಿ.

ಊರಿನ ಲೋಹದ ಅಚ್ಚು ಎರೆಯುವ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಆರ್ಲೋನ ಕೈಗಳಿಗೆ ಬೇರೆ ಕೆಲಸ ಇರಲಿಲ್ಲ. ಎರಡು ವರ್ಷದಲ್ಲಿ ಇಪ್ಪತ್ತೆರಡು ಜನ ಅವನ ಟಾರ್ಚಿನಿಂದ ಸಿಗರೇಟು ಬಿಟ್ಟಿದ್ದರು. ಅದರಲ್ಲಿ ಇಪ್ಪತ್ತೆರಡನೆಯವಳು ಲೊರೀನ್. ಆರು ವಾರದ ಹಿಂದೆ ಸೇರಿದವಳು. ಈ ಸಂಗತಿ ಷೆರಿಫ್‌ಗೆ ಗೊತ್ತಿರಲಿಲ್ಲ. ಗೊತ್ತಾದರೆ ಈ ಕೇಸು ಅವಳ ಕೈಯಿಂದ ಆ ಕ್ಷಣವೇ ಹೋಗುತ್ತಿತ್ತು.

"ನಿಮ್ಮ ಕೈ ಮರ್ತಿದ್ದು ಇದೇ ಮೊದಲಾ?" ಎಂದಳು.

ಮೊದಲಲ್ಲ ಎಂದ ಆರ್ಲೋ. ಹೋದ ತಿಂಗಳು ನೀರಿಲ್ಲದ ಕೆಟಲ್ ಒಲೆ ಮೇಲಿಟ್ಟು ಮರೆತಿದ್ದನಂತೆ. ಅವನ ತಾಯಿ ಕೊನೆಯ ನಾಲ್ಕು ವರ್ಷ ಹೆತ್ತ ಮಕ್ಕಳ ಹೆಸರು ಕೂಡ ತಿಳಿಯದೆ ಬದುಕಿದ್ದಳು. ಅದು ತನಗೂ ಬಂತು, ಬರುವಾಗ ವೆಂಡೆಲ್‌ನ ಜೀವ ತಗೊಂಡು ಬಂತು ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಭಾನುವಾರದ ಕಪ್ಪು ಕೋಟು ತೊಟ್ಟು, ಟೈ ಕಟ್ಟದೆ ಜೇಬಿಗೆ ತುರುಕಿಕೊಂಡು ಕೂತಿದ್ದ. ಗೋಡೆಯ ಮೇಲಿನ ಒಂದೊಂದು ಉಪಕರಣಕ್ಕೂ ಚೀಟಿ ಅಂಟಿಸಿದ್ದ, ಯಾವುದು ಯಾರಿಗೆ ಅಂತ. ಅದನ್ನು ನೋಡಿ ಲೊರೀನ್‌ಗೆ ಸಂಕಟವಾಯಿತು.

ಅಡುಗೆಮನೆಯ ಕಡೆಯ ಬಾಗಿಲಿನಿಂದ ಗ್ಲೆಂಡಾ ಫೆಟರ್ಸ್ ಇಣುಕಿದಳು. ಬೌಲಿಂಗ್ ಹಾಲ್ ನಡೆಸುವ ಹೆಂಗಸು. ಮಂಗಳವಾರ ಸಂಜೆ ಟಾರ್ಚಿನವರು ಕೂಡುತ್ತಿದ್ದದ್ದು ಅವಳ ಹಾಲಿನ ಹಿಂದಿನ ಕೋಣೆಯಲ್ಲೇ. ಆರ್ಲೋನ ಹೆಂಡತಿ ಹೋದ ಮೇಲೆ ಈ ಮನೆಯ ಒಂದು ಬೀಗದ ಕೈ ಇವಳ ಹತ್ತಿರ ಇತ್ತು. ಬೀನ್ಸ್ ಸೂಪು ಆಗ್ತಿದೆ, ಖಾಲಿ ಹೊಟ್ಟೇಲಿ ಕೋರ್ಟಿಗೆ ಹೋಗೋದು ಬೇಡ ಎಂದಳು. ಅವಳ ಜೊತೆಗೇ ಸಿಗರೇಟಿನ ಹೊಗೆ ವಾಸನೆಯೂ ಒಳಗೆ ಬಂತು.

"ಮತ್ತೆ ಶುರು ಮಾಡಿದ್ಯಾ?" ಎಂದಳು ಲೊರೀನ್.

"ನಂದನ್ನ ಬುಧವಾರಾನೇ ನದಿಗೆ ಎಸ್ದೆ ಕಣೇ. ಎಲ್ರೂ ಎಸ್ದಿದಾರೆ. ಶ್ವಾಸಕೋಶ ಹೋದ್ರೆ ನಿಧಾನಕ್ಕೆ ಹೋಗುತ್ತೆ, ಮುಖ ಹೋದ್ರೆ?" ಎಂದು ಗ್ಲೆಂಡಾ ಆರ್ಲೋನ ಕಡೆ ನೋಡದೆ ಒಳಗೆ ಹೋದಳು.

ಆರ್ಲೋ ಕಾಗದದ ಅಂಚು ನೇರ ಮಾಡಿದ. ಎರಡು ವರ್ಷದ ಕೆಲಸ ನದಿಪಾಲಾದ ಸುದ್ದಿ ಅವನಿಗೆ ಹೊಸದೇನಲ್ಲ.

ಲೊರೀನ್ ಡಬ್ಬಿ ತೆರೆದಳು. ರಾಜ್ಯದ ಅಗ್ನಿ ತನಿಖೆಯ ಕಚೇರಿಯಿಂದ ಬಂದದ್ದು. ಸಿಡಿದ ಚೂರುಗಳನ್ನು ತೊಳೆದು, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸಿದ್ದರು. ಜೊತೆಗಿದ್ದ ವರದಿಯಲ್ಲಿ ಒಂದು ಸಾಲು: ಹಿಂಬದಿ ಮುಚ್ಚಳದಲ್ಲಿ ರಂಧ್ರವಿಲ್ಲ. ಸರ್ಕಾರಿ ವಕೀಲರಿಗೆ ಆ ಒಂದು ಸಾಲೇ ಸಾಕಾಗಿತ್ತು. ಆರ್ಲೋನಿಗೂ ಸಾಕಾಗಿತ್ತು.

ಆ ತೂತೇ ಟಾರ್ಚಿನ ಪ್ರಾಣ. ಬ್ಯಾಟರಿ ಕೆಟ್ಟು ಒಳಗೆ ಗಾಳಿ ತುಂಬಿಕೊಂಡರೆ ಅದು ಹೊರಗೆ ಹೋಗಲು ದಾರಿ ಬೇಕು. ದಾರಿಯಿದ್ದರೆ ಬುಸ್ಸೆಂದು ಹೋಗುತ್ತದೆ, ಕೈ ಸುಟ್ಟೀತು ಅಷ್ಟೆ. ಇಲ್ಲದಿದ್ದರೆ ಲೋಹದ ಕೊಳವೆ ಪಟಾಕಿ.

"ಆರ್ಲೋ, ಒಂದು ಟಾರ್ಚು ಕೈಗೆ ತಗೊಂಡ್ರೆ ಮೊದಲು ಏನ್ ಮಾಡ್ತೀರಿ?"

"ತೂತು."

"ಬಲ್ಬು ಕೀಳೋದಲ್ವಾ?"

"ಬಲ್ಬು ಆಮೇಲೆ. ನಮ್ಮ ಮೇಸ್ತ್ರಿ ಹೇಳ್ಕೊಟ್ಟಿದ್ದು. ಮೊದಲು ಹೊರಗೆ ಹೋಗೋ ದಾರಿ, ಆಮೇಲೆ ಒಳಗೆ ಬರೋ ದಾರಿ. ಅಚ್ಚು ಎರೆಯೋ ಕೆಲಸದಲ್ಲಿ ಹಂಗೇ. ನಲವತ್ತೈದು ವರ್ಷ ಹಂಗೇ ಮಾಡಿದೀನಿ."

"ಹಂಗಾದ್ರೆ ಮರೆಯೋದು ಕೊನೇದನ್ನ ತಾನೆ? ಪ್ಯಾಂಟು ಹಾಕ್ಕೊಳ್ಳೋನು ಬೆಲ್ಟು ಮರೀಬಹುದು. ಕಾಲು ತೂರಿಸೋದನ್ನೇ ಮರೀತಾನಾ?"

ಆರ್ಲೋ ತಲೆಯೆತ್ತಿದ. ಅವನು ಎರಡು ದಿನದಿಂದ ಯೋಚಿಸಿದ್ದ, ಆದರೆ ಈ ದಿಕ್ಕಿನಲ್ಲಿ ಯೋಚಿಸಿರಲಿಲ್ಲ. ತನ್ನ ಮೇಲೆ ತಾನೇ ಅನುಮಾನ ಪಟ್ಟ ಮನುಷ್ಯನಿಗೆ ಬೇರೆ ಯಾರ ಮೇಲೂ ಅನುಮಾನ ಬರುವುದಿಲ್ಲ.

ಅವಳು ಮುಚ್ಚಳದ ಚೀಲವನ್ನು ಮುಂದಿಟ್ಟಳು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ದೀಪ ಕೆಳಗೆಳೆದು, ಅದನ್ನು ತಿರುವಿ ನೋಡಿದ. ಒಂದು ಉಕ್ಕಿನ ಸೂಜಿ ತೆಗೆದ. ಮುಚ್ಚಳದ ಅಂಚಿನಲ್ಲಿ ಒಂದು ಕಡೆ ಮೆಲ್ಲಗೆ ಒತ್ತಿದ, ಇನ್ನೊಮ್ಮೆ ಒತ್ತಿದ. ಜೋಳದ ಕಾಳಿನ ಮೂತಿಯಷ್ಟು ಬೂದುಬಣ್ಣದ ಚೂರೊಂದು ಕಳಚಿ ಮೇಜಿಗೆ ಬಿತ್ತು. ಅದರ ಹಿಂದೆ ದುಂಡಗಿನ, ಅಚ್ಚುಕಟ್ಟಾದ ತೂತು.

ಎರಡು ಟ್ಯೂಬು ಕಲಸಿ ಹಚ್ಚುವ ಅಂಟು ಅದು, ಒಣಗಿದರೆ ಕಬ್ಬಿಣ. ಒಳಗಡೆಯಿಂದ ತುಂಬಿ, ಹೊರಗಡೆ ಉಜ್ಜಿ, ಮೇಲೆ ಶಾಯಿ ಬಳಿದಿದ್ದರು.

"ನಾನು ಮರ್ತಿರ್ಲಿಲ್ಲ" ಎಂದ ಆರ್ಲೋ. ಇನ್ನೊಂದು ಸಲ ಹೇಳಿದ. ಆಮೇಲೆ ಭೂತಗನ್ನಡಿ ತೆಗೆಯದೆಯೇ ಅತ್ತ. ಲೊರೀನ್ ಬೇರೆ ಕಡೆ ನೋಡಿದಳು. ಗಂಡಸರು ಅಳುವುದನ್ನು ಅವಳು ಬೇಕಾದಷ್ಟು ನೋಡಿದ್ದಳು, ಸಮಾಧಾನದಿಂದ ಅಳುವುದನ್ನು ನೋಡಿದ್ದು ಕಡಿಮೆ.

ಅವಳ ಕೈ ತಾನಾಗಿಯೇ ಜೇಬು ಹುಡುಕಿತು. ಜೇಬಿರಲಿಲ್ಲ, ಕೋಟು ಬಾಗಿಲ ಪಕ್ಕದ ಮೊಳೆಯಲ್ಲಿತ್ತು, ಪಿಸ್ತೂಲಿನ ಬೆಲ್ಟೂ ಅದೇ ಮೊಳೆಯಲ್ಲಿ. ಆರ್ಲೋ ಆಯುಧವನ್ನೇ ಮುಟ್ಟದ ಮೆನ್ನೊನೈಟ್ ಪಂಥದ ಮನೆಯಲ್ಲಿ ಹುಟ್ಟಿದವನು. ಸಿಗರೇಟು ಕಲಿತಿದ್ದ, ಬಿಯರ್ ಕಲಿತಿದ್ದ, ಚರ್ಚು ಬಿಟ್ಟಿದ್ದ. ಆದರೆ ಬಂದೂಕು ಮಾತ್ರ ಆ ಮೊಳೆ ದಾಟಿ ಒಳಗೆ ಬರಕೂಡದು. ಷೆರಿಫ್ ಬಂದರೂ ಬಿಚ್ಚಿಟ್ಟೇ ಬರಬೇಕು. ಲೊರೀನ್ ಆ ಮರ್ಯಾದೆಯನ್ನು ಇವತ್ತೂ ಉಳಿಸಿದ್ದಳು.

ಕೋಟಿನಲ್ಲಿ ಅವಳ ಟಾರ್ಚಿತ್ತು. ಬುಧವಾರದಿಂದ ಮುಟ್ಟಿರಲಿಲ್ಲ. ಸಿಗರೇಟನ್ನೂ ಮುಟ್ಟಿರಲಿಲ್ಲ. ಎರಡು ದಿನದಿಂದ ದಾಲ್ಚಿನ್ನಿ ಕಡ್ಡಿ ಕಚ್ಚಿ ಕಚ್ಚಿ ವಸಡು ಉರಿಯುತ್ತಿತ್ತು.

"ಬ್ಯಾಟರಿ ತೋರ್ಸು" ಎಂದ ಆರ್ಲೋ. ದನಿ ಬದಲಾಗಿತ್ತು. ಇದು ಅಪರಾಧಿಯ ದನಿಯಲ್ಲ, ಮೇಸ್ತ್ರಿಯದು.

ಇಲ್ಲಿ ಒಂದು ಮಾತು ಹೇಳಬೇಕು. ಆರ್ಲೋನ ಗ್ಯಾರೇಜಿನಿಂದ ಬ್ಯಾಟರಿಗಳು ಒಂಟಿಯಾಗಿ ಹೊರಗೆ ಹೋಗುತ್ತಿರಲಿಲ್ಲ, ಮದುವೆಯಾಗಿ ಹೋಗುತ್ತಿದ್ದವು. ಒಟ್ಟಿಗೆ ಕೊಂಡ ಎರಡನ್ನು ಪಕ್ಕಪಕ್ಕ ನಿಲ್ಲಿಸಿ, ಎರಡರ ತಳಕ್ಕೂ ಒಂದೇ ಲೆಕ್ಕದ ಗೀರು ಹಾಕುತ್ತಿದ್ದ. ಮೊದಲನೆಯವನಿಗೆ ಒಂದು ಗೀರು, ಎರಡನೆಯವನಿಗೆ ಎರಡು. ಯಾರಾದರೂ ಬಿಟ್ಟುಹೋದರೆ ಅವರ ಗೀರು ಹೊಸಬರಿಗೆ. ಗೀರು ಹಾಕುವಾಗ ಪಾದ್ರಿಯಂತೆ ಮುಖ ಗಂಟಿಕ್ಕಿಕೊಂಡು ಮಂತ್ರವನ್ನೂ ಹೇಳುತ್ತಿದ್ದ: ಇವತ್ತಿಂದ ಒಟ್ಟಿಗೇ ತುಂಬಬೇಕು, ಒಟ್ಟಿಗೇ ಖಾಲಿಯಾಗಬೇಕು, ಒಂದು ಸತ್ತರೆ ಇನ್ನೊಂದೂ ಡಬ್ಬಿಗೆ. ಕೇಳಿದವರೆಲ್ಲ ನಗುತ್ತಿದ್ದರು. ಆದರೆ ನಗೆಯ ಒಳಗೆ ಭಯವಿತ್ತು. ಬಲವಾದ ಬ್ಯಾಟರಿಯ ಜೊತೆ ಸೊರಗಿದ್ದನ್ನು ಕೂಡಿಸಿದರೆ, ಬಲವಾದದ್ದು ಸೊರಗಿದ್ದನ್ನು ಕೊಂದೇ ಬಿಡುತ್ತದೆ. ಹಾಗಾಗಿ ಅವರ ಗುಂಪಿನಲ್ಲಿ ಬ್ಯಾಟರಿ ಹಾಕುವ ಮೊದಲು ತಳ ತಿರುಗಿಸಿ ನೋಡದವರು ಒಬ್ಬರೂ ಇರಲಿಲ್ಲ. ಅನ್ನಕ್ಕೆ ಕೈ ಹಾಕುವ ಮೊದಲು ಕೈ ತೊಳೆದಂತೆ ಅದು.

ಲೊರೀನ್ ಎರಡು ಚೀಲಗಳನ್ನು ದೀಪದ ಕೆಳಗಿಟ್ಟಳು. ಒಂದು ಬ್ಯಾಟರಿ ಸುಟ್ಟಿದ್ದರೂ ಇಡಿಯಾಗಿತ್ತು. ಇನ್ನೊಂದು ಬಾಯಿ ಬಿಟ್ಟಿತ್ತು, ಸಿಡಿದದ್ದು ಅದೇ. ಆದರೆ ತಳ ಹಾಳಾಗಿರಲಿಲ್ಲ.

ಆರ್ಲೋ ಸಿಡಿದದ್ದನ್ನು ಮೊದಲು ಎತ್ತಿಕೊಂಡ. ತಳ ಬೋಳು. ಗೀರಿಲ್ಲ, ಗೀರಿನ ಗುರುತೂ ಇಲ್ಲ.

"ಇದು ನಂದಲ್ಲ. ಇದಕ್ಕೆ ಮದುವೇನೇ ಆಗಿಲ್ಲ" ಎಂದ.

ಇಡಿಯಾಗಿದ್ದದ್ದನ್ನು ತಿರುಗಿಸಿದ. ಸೂಜಿಯ ತುದಿಯಿಂದ ಎಣಿಸಿದ. ವೆಂಡೆಲ್‌ನ ಗೀರು ಮೂರು, ಅದು ಇಬ್ಬರಿಗೂ ಗೊತ್ತಿತ್ತು. ಸೂಜಿ ಮೂರರಲ್ಲಿ ನಿಲ್ಲಲಿಲ್ಲ. ನಾಲ್ಕು, ಐದು, ಆರು, ಏಳು.

ಆರ್ಲೋ ಸೂಜಿ ಕೆಳಗಿಟ್ಟ. ಅಡುಗೆಮನೆಯಲ್ಲಿ ಗ್ಲೆಂಡಾ ಸೌಟು ಆಡಿಸುವ ಸದ್ದು ಕೇಳುತ್ತಿತ್ತು.

"ಏಳು ನಿಂದಲ್ವಾ ಮಗಳೇ?"

ಲೊರೀನ್ ಎದ್ದು ಹೋಗಿ ಕೋಟಿನ ಜೇಬಿನಿಂದ ಟಾರ್ಚು ತಂದಳು. ನೀಲಿ ಟಾರ್ಚು. ಆ ಬುಟ್ಟಿಯಲ್ಲಿ ನೀಲಿಯವು ಎರಡೇ ಇದ್ದವು. ಒಂದು ಅವಳಿಗೆ, ಒಂದು ವೆಂಡೆಲ್‌ಗೆ ಬಂದಿತ್ತು. ಮೂತಿ, ಅಂದರೆ ಬಾಯಿಗಿಡುವ ತುದಿ, ಅವರವರದು ಅವರವರ ಹತ್ತಿರ. ಹಲ್ಲುಜ್ಜುವ ಬ್ರಷ್ಷಿನ ಹಾಗೆ ಅದನ್ನು ಯಾರೂ ಬೆರೆಸುವುದಿಲ್ಲ. ಆದರೆ ಮಂಗಳವಾರ ಸಂಜೆ ಊಟಕ್ಕೆ ಕೂರುವಾಗ ಮೂತಿ ಬಿಚ್ಚಿ ಜೇಬಿಗೆ ಹಾಕಿಕೊಂಡು, ಒಡಲನ್ನು ನಡುವಿನ ತಟ್ಟೆಯಲ್ಲಿಡಬೇಕು. ತಾನು ಬೇಯಿಸಿದ ಹಣ್ಣಿನ ಪೈ ತಿನ್ನುವಾಗ ಆವಿ ಬಿಡಕೂಡದೆಂದು ಗ್ಲೆಂಡಾಳ ಕಟ್ಟಪ್ಪಣೆ.

ಮುಚ್ಚಳ ತಿರುಗಿಸಿದಳು. ಬ್ಯಾಟರಿಗಳು ಅಂಗೈಗೆ ಬಿದ್ದವು.

ಮೂರು ಗೀರು. ಮೂರು ಗೀರು. ಮುಚ್ಚಳದ ತೂತಿನಿಂದ ದೀಪದ ಬೆಳಕು ನೇರವಾಗಿ ತೂರಿಬಂತು.

ಮಂಗಳವಾರ ಸಂಜೆ ಆರೂವರೆಗೆ, ಅವಳು ಎರಡು ತುತ್ತು ಪೈ ತಿಂದಿರುವಾಗ, ಫೋನು ಬಂದಿತ್ತು. ಹಳೇ ಕಲ್ಲುಗಣಿ ರಸ್ತೆಯಲ್ಲಿ ಯಾರೋ ಹೆಂಗಸು ಕಿರುಚುತ್ತಿದ್ದಾಳಂತೆ, ತಕ್ಷಣ ಬನ್ನಿ. ಅವಳು ತಟ್ಟೆಗೆ ಕೈ ಹಾಕಿ ಸಿಕ್ಕಿದ ನೀಲಿ ಟಾರ್ಚನ್ನು ಎತ್ತಿಕೊಂಡು ಓಡಿದ್ದಳು. ತಿರುಗಿಸಿ ನೋಡಲು ಪುರಸೊತ್ತಿರಲಿಲ್ಲ. ಕೊನೆಗೆ ಉಳಿದ ನೀಲಿಯನ್ನು ವೆಂಡೆಲ್ ಮನೆಗೆ ಒಯ್ದಿದ್ದ. ಪೈ ಆದ ಮೇಲೆ ಅವನು ಮುಟ್ಟುತ್ತಿರಲಿಲ್ಲ. ಮತ್ತೆ ಬೆಳಗಿನ ಕಾಫಿಗೇ. ಇದು ಊರಿಗೆಲ್ಲ ಗೊತ್ತು.

"ನನ್ನ ಸಾವು ಅವನು ಸತ್ತ" ಎಂದಳು ಲೊರೀನ್. "ನಾನು ಕೈಯಾರೆ ಅವನಿಗೆ ಬಿಟ್ಟುಬಂದೆ."

"ಅಂಟು ತುಂಬಿದ್ದು ನೀನಲ್ಲ."

"ಎತ್ತಿಕೊಂಡಿದ್ದು ನಾನು."

ಅವಳಿಗೆ ವೆಂಡೆಲ್‌ನ ಹೆಂಡತಿಯ ಮುಖ ನೆನಪಾಯಿತು. ಬುಧವಾರ ಆ ಅಡುಗೆಮನೆಯಲ್ಲಿ ನಿಂತು, ಯಾರು ಮಾಡಿದ್ದೋ ಅವರನ್ನು ಬಿಡಲ್ಲ ಎಂದು ಇವಳೇ ಮಾತು ಕೊಟ್ಟಿದ್ದಳು.

ಆರ್ಲೋ ಅವಳನ್ನು ಹಾಗೇ ಬಿಡಲಿಲ್ಲ. ಬೆರಳಿನಿಂದ ಬೋಳು ಬ್ಯಾಟರಿಯನ್ನು ಮುಂದಕ್ಕೆ ದೂಡಿದ. ಯೋಚನೆ ಮಾಡು ಅಂದ. ನಮ್ಮವರಲ್ಲಿ ಯಾರಾದರೂ ಇದನ್ನು ಮಾಡಿದ್ದರೆ ಗೀರು ಹಾಕದೆ ಬಿಡುತ್ತಿದ್ದರೇ? ಒಂದು ಸೂಜಿ, ಏಳು ಗೀರು, ಅರ್ಧ ನಿಮಿಷದ ಕೆಲಸ. ತೂತಿಗೆ ಶಾಯಿ ಬಳಿಯುವಷ್ಟು ಜಾಣ ಅದನ್ನು ಬಿಟ್ಟನೆಂದರೆ, ಗೀರಿನ ಸಂಗತಿಯೇ ಅವನಿಗೆ ಗೊತ್ತಿಲ್ಲ. ಅವನು ಹೊರಗಿನವನು.

"ಆದ್ರೆ ತೂತಿನ ವಿಷಯ ಗೊತ್ತು" ಎಂದಳು ಲೊರೀನ್ ನಿಧಾನವಾಗಿ.

"ಅದನ್ನ ಅವನಿಗೆ ಯಾರೋ ಹೇಳಿದಾರೆ."

ಹೇಳಿದವಳು ಅವಳೇ. ಎರಡು ವರ್ಷ ಒಂದೇ ಕಾರಿನಲ್ಲಿ ಕೂತವನಿಗೆ ಹೇಳದೆ ಇನ್ಯಾರಿಗೆ ಹೇಳುವುದು? ಟಾರ್ಚು ಸಿಕ್ಕಿದ ಮೊದಲ ದಿನವೇ ಅದನ್ನು ತೋರಿಸಿ, ನೋಡೋ, ಈ ತೂತು ಇರೋವರೆಗೂ ನನಗೇನೂ ಆಗಲ್ಲ ಎಂದು ಹೆಮ್ಮೆಯಿಂದ ಹೇಳಿದ್ದಳು. ಅವಳು ಟಾರ್ಚು ಬಾಯಿಗಿಟ್ಟಾಗಲೆಲ್ಲ ರಾಯ್ಸ್ ಟಿಪ್ಟನ್ ಕಿಟಕಿ ಇಳಿಸಿ ಆ ಕಡೆ ವಾಲಿಕೊಳ್ಳುತ್ತಿದ್ದ. ಇದು ಸಿಡಿದರೆ ನನ್ನ ಮುಖವೂ ಹೋಗುತ್ತೆ ಬಾಸ್, ನನಗಿನ್ನೂ ಮದುವೆಯಾಗಿಲ್ಲ ಎನ್ನುತ್ತಿದ್ದ. ಅವಳು ನಗುತ್ತಿದ್ದಳು.

ಕಚೇರಿಯಲ್ಲಿ ಅವಳ ಕೋಟು ತೂಗುತ್ತಿದ್ದದ್ದು ಅವನ ಮೇಜಿನ ಹಿಂದೆ. ಅವಳ ಮೇಜಿನ ಖಾನೆಯಲ್ಲಿ ಒಂದು ಪಟ್ಟಿಯಿತ್ತು. ಸಾಕ್ಷ್ಯದ ಕೋಣೆಯಿಂದ ಕಾಣೆಯಾದ ಎರಡು ಪಿಸ್ತೂಲುಗಳಿಗಾಗಿ ಯಾರ್ಯಾರು ಯಾವಾಗ ಆ ಕೋಣೆಗೆ ಹೋಗಿದ್ದರು ಎಂದು ಷೆರಿಫ್ ಗುಟ್ಟಾಗಿ ಅವಳಿಂದ ಬರೆಸುತ್ತಿದ್ದ ಪಟ್ಟಿ. ವೆಂಡೆಲ್ ಸತ್ತ ಗಡಿಬಿಡಿಯಲ್ಲಿ ಅದು ಅರ್ಧಕ್ಕೇ ನಿಂತಿತ್ತು, ರಾಯ್ಸ್‌ನ ಸರದಿ ಬರುವ ಮೊದಲೇ.

ಕಲ್ಲುಗಣಿಯ ಫೋನು ಮಾಡಿದವನೂ ಅವನೇ. ಅಲ್ಲಿ ಯಾವ ಹೆಂಗಸೂ ಇರಲಿಲ್ಲ. ನಾನು ಆ ಕಡೆಯಿಂದ ಬರ್ತೀನಿ ಎಂದವನು ಇಪ್ಪತ್ತು ನಿಮಿಷ ತಡವಾಗಿ ಬಂದಿದ್ದ. ಅವಳು ಆ ಇಪ್ಪತ್ತು ನಿಮಿಷವೂ ಕಾರಿನಲ್ಲಿ ಒಬ್ಬಳೇ ಕೂತು ಆವಿ ಎಳೆಯುತ್ತಿದ್ದಳು. ರಾಯ್ಸ್ ಬಂದವನೇ ಕಿಟಕಿಯೊಳಗೆ ದೀಪ ಬಿಟ್ಟು, ಅವಳ ಮುಖವನ್ನೇ ನೋಡುತ್ತಾ ನಿಂತಿದ್ದ. ಬಾಸ್, ನೀವು ಆರಾಮಾ ಎಂದು ಕೇಳಿದ್ದ. ಎಷ್ಟು ಕಾಳಜಿ ಹುಡುಗನಿಗೆ ಎಂದುಕೊಂಡಿದ್ದಳು ಲೊರೀನ್.

ಆದರೂ ಅವಳ ಮನಸ್ಸು ಒಪ್ಪಲಿಲ್ಲ. ಅವಳ ತಾಯಿ ಸತ್ತಾಗ ಪೆಟ್ಟಿಗೆಗೆ ಹೆಗಲು ಕೊಟ್ಟವನು ರಾಯ್ಸ್. ಒಂದು ಫೋನು, ಒಂದು ಕೋಟಿನ ಮೊಳೆ, ಇಷ್ಟರ ಮೇಲೆ ಒಬ್ಬನನ್ನು ಕೊಲೆಗಾರ ಅನ್ನುವುದಾದರೆ, ಒಂದು ಸಾಲಿನ ವರದಿಯ ಮೇಲೆ ಆರ್ಲೋನನ್ನು ಒಳಗೆ ಹಾಕಲು ಹೊರಟವರಿಗೂ ಇವಳಿಗೂ ಏನು ವ್ಯತ್ಯಾಸ?

ಹೊರಗೆ ಜಲ್ಲಿಕಲ್ಲಿನ ಮೇಲೆ ಚಕ್ರ ಉರುಳಿದ ಸದ್ದಾಯಿತು. ಗಡಿಯಾರದಲ್ಲಿ ಹನ್ನೆರಡೂಮುಕ್ಕಾಲು. ಅವನು ಕಾಲು ಗಂಟೆ ಮೊದಲೇ ಬಂದಿದ್ದ.

ಲೊರೀನ್ ಬೇಗಬೇಗ ಮೂರು ಗೀರಿನ ಜೋಡಿಯನ್ನು ಒಳಗೆ ಹಾಕಿ ಮುಚ್ಚಳ ಬಿಗಿದಳು. ತನ್ನ ಮೂತಿಯನ್ನು ತಿರುಗಿಸಿ ಕೂರಿಸಿದಳು. ಚೂರುಗಳ ಚೀಲಗಳನ್ನೆಲ್ಲ ಡಬ್ಬಿಗೆ ತುಂಬಿ ಮೇಲೆ ಒರೆಸುವ ಬಟ್ಟೆ ಎಳೆದಳು. ಆರ್ಲೋನಿಗೆ ಕೈಸನ್ನೆಯಲ್ಲೇ ಸುಮ್ಮನಿರಿ ಎಂದಳು. ಅವನು ತಲೆಯಾಡಿಸಿದ.

ಒಂದು ಸಂಗತಿ ಅವಳಿಗೆ ಖಚಿತವಾಗಿತ್ತು. ಬುಧವಾರದಿಂದ ಈ ಕೌಂಟಿಯಲ್ಲಿ ಯಾರ ಮುಂದೆ ಟಾರ್ಚು ತೆಗೆದರೂ ಜನ ಬಾಂಬು ಕಂಡಂತೆ ಸರಿಯುತ್ತಿದ್ದರು. ಸರಿಯಲೇಬೇಕು, ಎಲ್ಲರಿಗೂ ಇದು ವೆಂಡೆಲ್‌ನನ್ನು ಕೊಂದದ್ದರ ತಮ್ಮ. ಇದು ನಿರಪಾಯ ಎಂದು ಗೊತ್ತಿದ್ದವರು ಈ ಕೋಣೆಯ ಇಬ್ಬರು. ಮೂರನೆಯವನು ಇದ್ದರೆ, ಅವನಿಗೆ ಅದು ಹೇಗೆ ಗೊತ್ತು ಎಂದು ಕೇಳಬೇಕಾದ್ದೇ ಇಲ್ಲ.

ರಾಯ್ಸ್ ಹೊರಬಾಗಿಲಿನಿಂದ ಬಂದ. ಅದೇ ಹೊತ್ತಿಗೆ ಗ್ಲೆಂಡಾ ಸೂಪಿನ ಬಟ್ಟಲು ಹಿಡಿದು ಅಡುಗೆಮನೆಯ ಕಡೆಯಿಂದ ಬಂದು, ಅವನಿಗೂ ಮೇಜಿಗೂ ನಡುವೆ ನಿಂತಳು. ಅವನು ಆರ್ಲೋನ ನಿಯಮ ಮರೆತಿದ್ದನೋ ಏನೋ, ಬೆಲ್ಟು ಬಿಚ್ಚಲಿಲ್ಲ. ಮೊಳೆಯ ಪಕ್ಕದ ಗೋಡೆಗೆ ಒರಗಿ ನಿಂತು, ಯಜಮಾನ್ರು ರೆಡಿನಾ, ಅವಸರ ಏನಿಲ್ಲ ಎಂದ.

"ಇವತ್ತು ನನಗೆ ತಡೆಯಕ್ಕಾಗ್ತಿಲ್ಲ" ಎಂದಳು ಲೊರೀನ್, ಯಾರಿಗೂ ಅಲ್ಲದಂತೆ. ಟಾರ್ಚನ್ನು ತುಟಿಗಿಟ್ಟಳು. ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು.

"ಬೇಡ್ವೇ!" ಎಂದು ಗ್ಲೆಂಡಾ ಕೂಗಿ, ಬಟ್ಟಲು ಬಿಟ್ಟು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ನೆಲಕ್ಕೆ ಕುಸಿದಳು. ಬಟ್ಟಲು ಒಡೆಯಿತು.

ಲೊರೀನ್ ಗುಂಡಿ ಒತ್ತಿ ಉದ್ದಕ್ಕೆ ಎಳೆದಳು. ಕಣ್ಣು ಟಾರ್ಚಿನ ಮೇಲಿರಲಿಲ್ಲ.

ಕಾರಿನ ಕಿಟಕಿ ಇಳಿಸಿ ಆ ಕಡೆ ವಾಲುತ್ತಿದ್ದವನು ಕದಲಲಿಲ್ಲ. ರೆಪ್ಪೆ ಕೂಡ ಬಡಿಯಲಿಲ್ಲ. ಗೋಡೆಗೆ ಒರಗಿದ್ದವನು ಒರಗಿಯೇ ಇದ್ದ. ನೆಲದ ಮೇಲಿದ್ದ ಗ್ಲೆಂಡಾಳನ್ನು ನೋಡಿ ಅವನಿಗೆ ನಗು ಬಂತು.

"ಏಳಿ ಗ್ಲೆಂಡಾ" ಎಂದ. "ಅದೇನೂ ಆಗಲ್ಲ."

ಆವಿ ಮೇಲಕ್ಕೆ ಹೋಗಿ ದೀಪದ ಸುತ್ತ ನಿಂತಿತು. ಲೊರೀನ್ ಟಾರ್ಚನ್ನು ಕೆಳಗಿಳಿಸಿದಳು. ಕೊನೆಯವರೆಗೂ ತಾನು ತಪ್ಪು ಎಂದಾಗಲಿ ಎಂದೇ ಅವಳು ಬಯಸಿದ್ದಳು.

ರಾಯ್ಸ್‌ನ ನಗು ಮುಖದಲ್ಲಿ ತುಸು ಹೊತ್ತು ಹಾಗೇ ಉಳಿಯಿತು. ಅವನು ಗ್ಲೆಂಡಾಳನ್ನು ನೋಡಿದ, ಆರ್ಲೋನನ್ನು ನೋಡಿದ. ಬಟ್ಟೆಯ ಅಂಚಿನಿಂದ ಇಣುಕುತ್ತಿದ್ದ ಪ್ಲಾಸ್ಟಿಕ್ ಚೀಲವನ್ನು, ಮೇಜಿನ ಮೇಲೆ ಬಿದ್ದಿದ್ದ ಬೂದುಬಣ್ಣದ ಅಂಟಿನ ಚೂರನ್ನು ನೋಡಿದ. ಕಡೆಗೆ ಲೊರೀನ್‌ಳ ಕಣ್ಣು ನೋಡಿದ. ತಾನು ಏನು ಮಾಡಿದೆ ಎಂದು ಅವನಿಗೆ ಆಗ ಗೊತ್ತಾಯಿತು.

ಅವನು ಬೈಯಲಿಲ್ಲ, ಓಡಲಿಲ್ಲ. ಎಡಗೈ ಚಾಚಿ ಮೊಳೆಯಿಂದ ಅವಳ ಬೆಲ್ಟನ್ನು ಪಿಸ್ತೂಲಿನ ಸಮೇತ ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡ. ಬಲಗೈ ತನ್ನ ಸೊಂಟದ ಮೇಲಿತ್ತು. ಕಾಲಿನಿಂದ ಹಿಂದಿದ್ದ ಬಾಗಿಲನ್ನು ಮುಚ್ಚಿದ.

"ರಾಯ್ಸ್" ಎಂದಳು ಲೊರೀನ್. "ಷೆರಿಫ್‌ಗೆ ಎಲ್ಲಾ ಹೇಳಿಯೇ ಬಂದಿದೀನಿ."

"ಇಲ್ಲ ಬಾಸ್. ಹೇಳಿದ್ರೆ ಈ ಕೇಸು ನಿಮ್ಮ ಹತ್ರ ಇರ್ತಿರ್ಲಿಲ್ಲ" ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಆಮೇಲೆ ಆರ್ಲೋನ ಕಡೆ ತಿರುಗಿ, ಕಾರಿಗೆ ಕರೆಯುವಾಗಿನ ಅದೇ ಮರ್ಯಾದೆಯಿಂದ ಕೇಳಿದ:

"ಯಜಮಾನ್ರೇ, ತಪ್ಪೆಲ್ಲಾ ನಂದೇ ಅಂತ ನೀವು ಬರ್ದಿರೋ ಆ ಕಾಗದ. ಅದಕ್ಕೆ ಸಹಿ ಹಾಕಿದೀರಿ ತಾನೆ?"

ಕಾಗದ ದೀಪದ ಕೆಳಗೆ ಎಲ್ಲರಿಗೂ ಕಾಣುವಂತೆ ಬಿದ್ದಿತ್ತು. ಮುದುಕನೇ ಲೊರೀನ್‌ಳ ಪಿಸ್ತೂಲು ಕಿತ್ತು ಇಬ್ಬರನ್ನೂ ಕೊಂದು ತಾನೂ ಸತ್ತ ಎಂದು ಊರು ನಂಬಲು ಅದೊಂದೇ ಸಾಕಿತ್ತು. ಸಹಿ ಆಗಿತ್ತು.